ಮನೆ ವರ್ಕ್‌ಶಾಪಿಗೆ ಕಬ್ಬಿಣ ಕೊಯ್ಯುವ ಬ್ಯಾಂಡ್‌ಸಾ: ಕೊಳ್ಳೋದಾ, ಕಟ್ಟೋದಾ?

ಸಣ್ಣಶೆಡ್:
ನಮಸ್ಕಾರ ಎಲ್ಲರಿಗೂ. ಶೆಡ್ಡಿನಲ್ಲಿ ಒಂದು ಸಣ್ಣ ಲೇತ್, ಒಂದು ಡ್ರಿಲ್ಲಿಂಗ್ ಮಷಿನ್, ಒಂದು ವೆಲ್ಡಿಂಗ್ ಸೆಟ್ ಇದೆ. ಕತ್ತರಿಸುವುದಕ್ಕೆ ಮಾತ್ರ ಇನ್ನೂ ಹ್ಯಾಕ್ಸಾ ಮತ್ತು ಆಂಗಲ್ ಗ್ರೈಂಡರ್. 50 ಮಿಮೀ ರಾಡನ್ನು ಕೈಯಲ್ಲಿ ಕೊಯ್ದು ಮುಗಿಸುವಷ್ಟರಲ್ಲಿ ಲೇತ್ ಹತ್ತಿರ ಹೋಗುವ ಉತ್ಸಾಹವೇ ಉಳಿದಿರುವುದಿಲ್ಲ. ಗ್ರೈಂಡರ್ ಹಿಡಿದರೆ ಕಿಡಿ, ಹೊಗೆ, ಸದ್ದು. ಅದರ ಪುಡಿ ಲೇತ್ ಬೆಡ್ ಮೇಲೆ ಕೂತರೆ ಇನ್ನೊಂದು ತಲೆನೋವು.

ಬ್ಯಾಂಡ್‌ಸಾ (ಎರಡು ಚಕ್ರಗಳ ಮೇಲೆ ಪಟ್ಟಿಯಂಥ ಹಲ್ಲಿನ ಬ್ಲೇಡ್ ಸುತ್ತುತ್ತಾ ಕೊಯ್ಯುವ ಮಷಿನ್) ಬೇಕು ಅನ್ನುವುದು ಖಾತ್ರಿ. ಯಾವುದು ಅನ್ನುವುದೇ ಗೊಂದಲ. 4×6 ಇಂಚಿನವರೆಗಿನ ವಸ್ತು ಕೊಯ್ಯುವ ಸಣ್ಣ ಅಡ್ಡ ಬ್ಯಾಂಡ್‌ಸಾ ಕೊಳ್ಳಬಹುದು. ಕೈಯಲ್ಲಿ ಹಿಡಿಯುವ ಪೋರ್ಟಬಲ್ ತಂದು ಸ್ಟ್ಯಾಂಡಿಗೆ ಕೂರಿಸಬಹುದು. ಇಲ್ಲಾಂದ್ರೆ ನಾನೇ ಕಟ್ಟಬಹುದು. ಚಾನೆಲ್, ಬೇರಿಂಗ್, ಅರ್ಧ ಎಚ್‌ಪಿ ಮೋಟರ್ ಹೇಗೂ ಮೂಲೆಯಲ್ಲಿ ಬಿದ್ದಿವೆ. ಕೆಲಸ ಹೆಚ್ಚಾಗಿ ಎಂಎಸ್ (ಮೈಲ್ಡ್ ಸ್ಟೀಲ್, ಸಾಮಾನ್ಯ ಮೆದು ಉಕ್ಕು) ರಾಡು, ಆಂಗಲ್, ಬಾಕ್ಸ್ ಪೈಪು. ಆಗೊಮ್ಮೆ ಈಗೊಮ್ಮೆ ಅಲ್ಯೂಮಿನಿಯಂ ಪ್ಲೇಟು. ಸ್ಟೇನ್‌ಲೆಸ್ ಅಪರೂಪ. ಬಳಸಿದವರು, ಕಟ್ಟಿದವರು ಏನಂತೀರಿ?

ಹಳೇ ಲೇತ್:
ಕೊಳ್ಳಿ. 4×6 ಕೊಳ್ಳಿ. ಯೋಚನೆ ಮಾಡ್ತಾ ಕೂತರೆ ಹ್ಯಾಕ್ಸಾ ಬ್ಲೇಡಿಗೇ ದುಡ್ಡು ಹೋಗುತ್ತದೆ.

ಈ ಮಷಿನ್ ಬಗ್ಗೆ ಸ್ವಲ್ಪ ಹೇಳುತ್ತೇನೆ. ಎರಡು ಚಕ್ರ, ಒಂದು ವರ್ಮ್ ಗೇರ್‌ಬಾಕ್ಸ್ (ತಿರುಪಿನಂಥ ಗೇರಿನಿಂದ ವೇಗ ತುಂಬಾ ಇಳಿಸುವ ಡಬ್ಬಿ), ಮೂರು ಮೆಟ್ಟಿಲಿನ ಪುಲ್ಲಿ. ಬೆಲ್ಟ್ ಬದಲಿಸಿದರೆ ಬ್ಲೇಡಿನ ವೇಗ ನಿಮಿಷಕ್ಕೆ ಸುಮಾರು 24, 36, 60 ಮೀಟರ್. ಬ್ಲೇಡ್ 64.5 ಇಂಚು ಉದ್ದ, ಅಂದರೆ 1638 ಮಿಮೀ. ಅಗಲ ಅರ್ಧ ಇಂಚು, ದಪ್ಪ 0.64 ಮಿಮೀ. ಬೇರೆ ಬೇರೆ ಹೆಸರಿನಲ್ಲಿ, ಬೇರೆ ಬೇರೆ ಬಣ್ಣದಲ್ಲಿ ಮಾರುವ ಎಷ್ಟೋ ಮಷಿನ್‌ಗಳಿಗೆ ಇದೇ ಅಳತೆ. ಹಾಗಾಗಿ ಬ್ಲೇಡಿಗೆ ಪರದಾಡಬೇಕಿಲ್ಲ. ತಲೆಯನ್ನು (ಚಕ್ರ, ಬ್ಲೇಡ್ ಕೂತಿರುವ, ಕೀಲಿನ ಮೇಲೆ ಏಳುವ ಇಳಿಯುವ ಭಾಗ) ನೆಟ್ಟಗೆ ನಿಲ್ಲಿಸಿ ಒಂದು ಮೇಜು ಹಾಕಿದರೆ ಪ್ಲೇಟು ಕೊಯ್ಯುವುದಕ್ಕೂ ಆಯಿತು.

ಆದರೆ ಒಂದು ಮಾತು. ಪೆಟ್ಟಿಗೆಯಿಂದ ತೆಗೆದ ದಿನ ಅದು ಅರ್ಧ ಮಷಿನ್ ಮಾತ್ರ. ಉಳಿದರ್ಧ ನೀವೇ ಮಾಡಿಕೊಳ್ಳಬೇಕು. ಮೊದಲು ಗೇರ್‌ಬಾಕ್ಸ್ ಮುಚ್ಚಳ ಬಿಚ್ಚಿ ಒಳಗೆ ನೋಡಿ. ಎರಕದ ಮರಳು, ಲೋಹದ ಪುಡಿ ಇದ್ದರೆ ಸೀಮೆಎಣ್ಣೆಯಲ್ಲಿ ತೊಳೆದು ಹೊಸ ಗೇರ್ ಆಯಿಲ್ ತುಂಬಿ. ಜೊತೆಗೆ ಕೊಟ್ಟ ಬ್ಲೇಡನ್ನು ಬಾಗಿಲ ಹಿಂದೆ ನೇತುಹಾಕಿ. ಬೈಮೆಟಲ್ ಬ್ಲೇಡ್ (ಬೆನ್ನು ಒಂದು ಉಕ್ಕು, ಹಲ್ಲು ಇನ್ನೊಂದು ಗಟ್ಟಿ ಉಕ್ಕು) ಹಾಕಿದ ಮೇಲೇ ಮಷಿನ್ ಹೇಗಿದೆ ಅಂತ ತೀರ್ಪು ಕೊಡಿ.

ವೆಲ್ಡಿಂಗ್ ಕಿಡಿ:
ಹಳೇ ಲೇತ್ ಅಣ್ಣ ಹೇಳಿದ್ದು ಸರಿ, ಆದರೆ ಜಾಗ? ಆ ಮಷಿನ್ ಒಮ್ಮೆ ಕೂತರೆ ಅಲ್ಲಿಂದ ಏಳುವುದಿಲ್ಲ. ಉದ್ದ ರಾಡು ಹಾಕಬೇಕಾದರೆ ಎರಡೂ ಕಡೆ ಜಾಗ ಖಾಲಿ ಇರಬೇಕು.

ನನ್ನ ಹತ್ತಿರ ಪೋರ್ಟಬಲ್ ಇದೆ. ಅದನ್ನು 6 ಮಿಮೀ ಪ್ಲೇಟಿನ ಸ್ಟ್ಯಾಂಡಿಗೆ ಕೂರಿಸಿ, ಬ್ಲೇಡ್ ಹೋಗುವಲ್ಲಿ ಒಂದು ಸೀಳು ಬಿಟ್ಟಿದ್ದೇನೆ. ಕಾಲಲ್ಲಿ ಒತ್ತುವ ಸ್ವಿಚ್ ಇದೆ, ಎರಡೂ ಕೈ ಖಾಲಿ. ಗೇಟು, ಗ್ರಿಲ್ ಕೆಲಸಕ್ಕೆ ಇದಕ್ಕಿಂತ ಬೇರೆ ಬೇಡ. ದೊಡ್ಡ ಪೈಪು ಶೆಡ್ಡಿಗೆ ತರುವುದು ಕಷ್ಟವಾದರೆ ಸ್ಟ್ಯಾಂಡಿನಿಂದ ಬಿಚ್ಚಿಕೊಂಡು ಪೈಪ್ ಇದ್ದಲ್ಲಿಗೇ ಹೋಗುತ್ತೇನೆ.

ಒಂದು ಕೊರತೆ ಇದೆ. ನಾನು ಕೈಯಲ್ಲಿ ತಳ್ಳುತ್ತಲೇ ಇರಬೇಕು. 60 ಮಿಮೀ ಗಟ್ಟಿ ರಾಡು ಇಟ್ಟು, ಅದು ಕೊಯ್ಯುವಷ್ಟರಲ್ಲಿ ಬೇರೆ ಕೆಲಸ ನೋಡೋಣ ಅಂದರೆ ಆಗುವುದಿಲ್ಲ.

ಸಣ್ಣಶೆಡ್:
ಅದೇ ನನಗೂ ಬೇಕಿರುವುದು. ಕೊಯ್ಯೋಕೆ ಇಟ್ಟು ಲೇತ್ ಕಡೆ ತಿರುಗಬೇಕು. ಕಟ್ಟಿದವರು ಯಾರೂ ಇಲ್ವಾ?

ಗೇರ್ ಹಲ್ಲು:
ನಾನು ಕಟ್ಟಿದ್ದೇನೆ. ಕಟ್ಟುವ ಮುಂಚೆ ಲೆಕ್ಕ ಹಾಕಿ ಅಂತ ಹೇಳುವುದಕ್ಕೇ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದ ಆಗುತ್ತದೆ, ಓದಿ.

ಮೊದಲನೆಯದು ಚಕ್ರ. ಬ್ಲೇಡ್ ಪ್ರತಿ ಸುತ್ತಿನಲ್ಲೂ ಎರಡು ಸಲ ಬಗ್ಗಿ ಎರಡು ಸಲ ನೆಟ್ಟಗಾಗುತ್ತದೆ. ಬಗ್ಗಿದಾಗ ಹೊರಮೈ ಮೇಲೆ ಬೀಳುವ ಸೆಳೆತ ಎಷ್ಟು ಅಂತ ತಿಳಿಯಲು ಬ್ಲೇಡಿನ ದಪ್ಪವನ್ನು ಚಕ್ರದ ವ್ಯಾಸದಿಂದ ಭಾಗಿಸಿ, ಉಕ್ಕಿಗೆ 20,000ದಿಂದ ಗುಣಿಸಿ. ಉತ್ತರ ಚದರ ಮಿಮೀಗೆ ಇಷ್ಟು ಕೆಜಿ ಅಂತ ಬರುತ್ತದೆ. 4×6 ಮಷಿನ್ನಿನ ಚಕ್ರ ಸುಮಾರು 180 ಮಿಮೀ, ಬ್ಲೇಡ್ 0.64. ಅಲ್ಲಿಗೆ 71 ಕೆಜಿ. ಅದೇ ಚಕ್ರಕ್ಕೆ 0.9 ಮಿಮೀ ದಪ್ಪದ ಬ್ಲೇಡ್ ಹಾಕಿದರೆ 100 ಕೆಜಿ. ಚಕ್ರವನ್ನೇ 350 ಮಿಮೀ ಮಾಡಿ 0.64ರ ಬ್ಲೇಡ್ ಹಾಕಿದರೆ 37 ಕೆಜಿ ಮಾತ್ರ. ಬ್ಲೇಡ್ ಹಲ್ಲು ಸವೆಯುವ ಮೊದಲೇ ಬೆನ್ನಿನಲ್ಲಿ ಬಿರುಕು ಬಿಟ್ಟು ತುಂಡಾಗುತ್ತಿದೆ ಅಂತ ಗೊಣಗುವವರು ಮೊದಲು ಈ ಲೆಕ್ಕ ಮಾಡಬೇಕು. ಪೋರ್ಟಬಲ್‌ನಲ್ಲಿ ಚಕ್ರ ಇನ್ನೂ ಚಿಕ್ಕದು. ಅದಕ್ಕೇ ಅದರ ಬ್ಲೇಡ್ ಅರ್ಧ ಮಿಮೀ ದಪ್ಪದ್ದು.

ಎರಡನೆಯದು ಬಿಗಿತ. ಬೈಮೆಟಲ್ ಬ್ಲೇಡಿಗೆ ಚದರ ಮಿಮೀಗೆ 17ರಿಂದ 20 ಕೆಜಿ ಎಳೆತ ಬೇಕು. ಹಲ್ಲಿನ ಭಾಗ ಬಿಟ್ಟರೆ ಅರ್ಧ ಇಂಚಿನ ಬ್ಲೇಡಿನಲ್ಲಿ ಉಳಿಯುವುದು ಸುಮಾರು 7 ಚದರ ಮಿಮೀ. ಅಂದರೆ 140 ಕೆಜಿ. ಮೇಲಿನ ಎಳೆ, ಕೆಳಗಿನ ಎಳೆ ಎರಡೂ ಸೇರಿ ಚಕ್ರದ ಅಚ್ಚಿನ ಮೇಲೆ 280 ಕೆಜಿ. ನಿಮ್ಮ ಚಾನೆಲ್ ಅಷ್ಟು ಹೊತ್ತೂ ಬಾಗಬಾರದು, ತಿರುಚಿಕೊಳ್ಳಬಾರದು. ಚಾನೆಲ್ ಬಗ್ಗುವುದಕ್ಕೆ ಜಗ್ಗದಿದ್ದರೂ ತಿರುಚುವುದಕ್ಕೆ ಬೇಗ ಸೋಲುತ್ತದೆ. ಬಾಕ್ಸ್ ಸೆಕ್ಷನ್ ಹಾಕಿ, ಇಲ್ಲವೇ ಚಾನೆಲ್ಲಿನ ತೆರೆದ ಬಾಯಿಗೆ ಪ್ಲೇಟು ಬೆಸೆದು ಡಬ್ಬಿ ಮಾಡಿ.

ಮೂರನೆಯದು ವೇಗ ಇಳಿಸುವುದು. ಕಟ್ಟುವವರು ಹೆಚ್ಚಾಗಿ ನಿಲ್ಲುವುದು ಇಲ್ಲೇ. ಮೋಟರ್ ನಿಮಿಷಕ್ಕೆ 1440 ಸುತ್ತು ಅಂದುಕೊಳ್ಳಿ. 350 ಮಿಮೀ ಚಕ್ರ ಒಂದು ಸುತ್ತಿಗೆ 1.1 ಮೀಟರ್ ಬ್ಲೇಡ್ ಎಳೆಯುತ್ತದೆ. ನಿಮಿಷಕ್ಕೆ 30 ಮೀಟರ್ ಬೇಕಾದರೆ ಚಕ್ರ 27 ಸುತ್ತು ತಿರುಗಬೇಕು. 53ಕ್ಕೆ ಒಂದು! ಬರೀ ಪುಲ್ಲಿಯಲ್ಲಿ ಇದು ಆಗುವ ಮಾತಲ್ಲ. 30ಕ್ಕೆ ಒಂದರ ವರ್ಮ್ ಗೇರ್‌ಬಾಕ್ಸ್ ಸಿಕ್ಕರೆ ಮೋಟರ್ ಕಡೆ 1.8ಕ್ಕೆ ಒಂದರ ಬೆಲ್ಟ್ ಸಾಕು. ಬೆಲ್ಟನ್ನು ಗೇರ್‌ಬಾಕ್ಸಿನ ಆಚೆ, ಚಕ್ರದ ಕಡೆ ಹಾಕಬೇಡಿ. ಅಲ್ಲಿ ತಿರುಚುವ ಬಲ ಜಾಸ್ತಿ, ಬೆಲ್ಟ್ ಜಾರುತ್ತದೆ. ಆ ಕಡೆ ಚೈನ್ ನಡೆಯುತ್ತದೆ.

ಅರ್ಧ ಎಚ್‌ಪಿ ಸಾಕಾ ಅಂದರೆ, ಧಾರಾಳ. ವರ್ಮ್ ಗೇರ್ ಅರ್ಧ ಶಕ್ತಿ ತಿಂದರೂ 30 ಮೀಟರ್ ವೇಗದಲ್ಲಿ ಬ್ಲೇಡಿಗೆ 35 ಕೆಜಿಗೂ ಹೆಚ್ಚು ಎಳೆತ ಸಿಗುತ್ತದೆ.

ಮರದ ಹೊಟ್ಟು:
ಗೇರ್ ಹಲ್ಲು ಸರ್, ಒಂದು ಪ್ರಶ್ನೆ. ನನ್ನ ಹತ್ತಿರ ಮರ ಕೊಯ್ಯುವ 14 ಇಂಚಿನ ಬ್ಯಾಂಡ್‌ಸಾ ಇದೆ. ಚಕ್ರ, ಫ್ರೇಮು, ಮೇಜು ಎಲ್ಲ ರೆಡಿ. ಅದಕ್ಕೇ ಕಬ್ಬಿಣದ ಬ್ಲೇಡ್ ಹಾಕಿದರೆ ಆಗಲ್ವಾ? ನಿಧಾನಕ್ಕೆ ತಳ್ಳಿದರಾಯ್ತು.

ಗೇರ್ ಹಲ್ಲು:
ಆಗಲ್ಲ. ನಿಧಾನಕ್ಕೆ ತಳ್ಳಿದರೆ ಬ್ಲೇಡ್ ನಿಧಾನ ಆಗುವುದಿಲ್ಲ. ಅದು ನಿಮಿಷಕ್ಕೆ 900, 1000 ಮೀಟರ್ ಓಡುತ್ತಿರುತ್ತದೆ. ಎಂಎಸ್ ಮುಟ್ಟಿಸಿದ ಕ್ಷಣಕ್ಕೆ ಹಲ್ಲು ಕೆಂಪಾಗಿ ಹೋಗುತ್ತದೆ. ಅಲ್ಯೂಮಿನಿಯಂ ಬೇಕಾದರೆ ಆ ವೇಗದಲ್ಲೂ ಕೊಯ್ಯುತ್ತದೆ.

ವೇಗ ಇಳಿಸುವ ವ್ಯವಸ್ಥೆ ಮಾಡಿದರೆ ಒಳ್ಳೆಯ ಮಷಿನ್ನೇ. ಚಕ್ರ ದೊಡ್ಡದು, ಬ್ಲೇಡ್ ಬಾಳಿಕೆ ಬರುತ್ತದೆ. ಲೆಕ್ಕ ಮೇಲೆ ಬರೆದಿರುವುದೇ. ಇನ್ವರ್ಟರ್ ಡ್ರೈವ್ (ಕರೆಂಟಿನ ಫ್ರೀಕ್ವೆನ್ಸಿ ಬದಲಿಸಿ ಮೋಟರ್ ವೇಗ ಬದಲಿಸುವ ಸಾಧನ) ಹಾಕಿ ಮೋಟರನ್ನೇ ನಿಧಾನ ಮಾಡ್ತೀನಿ ಅಂತ ಮಾತ್ರ ಹೊರಡಬೇಡಿ. ಅರ್ಧಕ್ಕೆ ಇಳಿಸಬಹುದು, ಮೂವತ್ತರಲ್ಲಿ ಒಂದು ಪಾಲಿಗೆ ಇಳಿಸಿದರೆ ಮೋಟರಿನ ಫ್ಯಾನ್ ಗಾಳಿ ಹಾಕುವುದಿಲ್ಲ, ಸುಟ್ಟುಹೋಗುತ್ತದೆ. ಮೂರು ಫೇಸ್ ಮೋಟರ್ ಬೇರೆ ಬೇಕು.

ಇನ್ನೊಂದು. ಮರದ ಹೊಟ್ಟು ತುಂಬಿರುವ ಡಬ್ಬಿಯೊಳಗೆ ಬಿಸಿ ಲೋಹದ ಚೂರು ಬೀಳುತ್ತದೆ. ಹೊಟ್ಟು ಒಳಗೊಳಗೇ ಹೊಗೆಯಾಡಿ ರಾತ್ರಿ ಬೆಂಕಿ ಹತ್ತಿಕೊಳ್ಳಬಹುದು. ಚೂರು ಚಕ್ರದ ರಬ್ಬರಿನೊಳಗೂ ಚುಚ್ಚಿಕೊಳ್ಳುತ್ತದೆ. ಎರಡಕ್ಕೂ ಒಂದೇ ಮಷಿನ್ ಅಂದರೆ ಪ್ರತಿ ಸಲ ಪೂರ್ತಿ ಕ್ಲೀನ್ ಮಾಡಲೇಬೇಕು.

ಮೂಲೆಮಟ್ಟ:
ಒಂದು ವಿಷಯ ಯಾರೂ ಎತ್ತಲಿಲ್ಲ. ಕೊಂಡರೂ ಕಟ್ಟಿದರೂ ಕೊನೆಗೆ ಬರುವ ದೂರು ಒಂದೇ: "ಸೊಟ್ಟ ಕೊಯ್ಯುತ್ತದೆ." ಆಮೇಲೆ ಮಷಿನ್ನನ್ನು ಬಯ್ಯುವುದು. ನಮ್ಮ ಶೆಡ್ಡಿನ 4×6 ಈಗ 50 ಮಿಮೀ ರಾಡಿನ ಕೊಯ್ಲಿಗೆ ಮೂಲೆಮಟ್ಟ ಇಟ್ಟರೆ ಬೆಳಕು ಸರಿಯಾಗಿ ತೂರುವುದಿಲ್ಲ. ಅದು ಹಾಗೆ ಆಗಿದ್ದು ಗೈಡ್ ಬೇರಿಂಗಿನಿಂದ (ಬ್ಲೇಡನ್ನು ಎರಡೂ ಬದಿಯಿಂದ ಹಿಡಿದು ನೇರ ಓಡಿಸುವ ಬೇರಿಂಗ್), ದುಡ್ಡಿನಿಂದಲ್ಲ.

ಮೊದಲು ಕೊಯ್ದ ಮುಖ ನೋಡಿ. ಮುಖ ನೇರವಾಗಿದ್ದು ವಾಲಿದ್ದರೆ ಹೊಂದಾಣಿಕೆ ತಪ್ಪಿದೆ. ಮೇಲಿಂದ ಕೆಳಕ್ಕೆ ವಾಲಿದ್ದರೆ ಗೈಡ್, ಅಡ್ಡಕ್ಕೆ ವಾಲಿದ್ದರೆ ವಸ್ತು ಹಿಡಿಯುವ ವೈಸ್. ಮುಖ ಹೊಟ್ಟೆ ಬಂದ ಹಾಗೆ ಬಾಗಿದ್ದರೆ ಬ್ಲೇಡ್ ಸಡಿಲ, ಇಲ್ಲವೇ ತಲೆಯ ಭಾರ ಜಾಸ್ತಿ, ಇಲ್ಲವೇ ಹಲ್ಲು ಮೊಂಡು. ಹೊಸ ಬ್ಲೇಡಿನಲ್ಲಿ ಸರಿ ಇದ್ದದ್ದು ದಿನ ಕಳೆದಂತೆ ಒಂದೇ ಕಡೆಗೆ ಎಳೆಯುತ್ತಿದ್ದರೆ ಆ ಕಡೆಯದಲ್ಲ, ಎದುರು ಕಡೆಯ ಹಲ್ಲು ಸವೆದಿದೆ.

ಗೈಡ್ ಹೊಂದಿಸುವುದು ಹೀಗೆ. ಪ್ಲಗ್ ಕಿತ್ತು ಪಕ್ಕಕ್ಕಿಡಿ. ತಲೆಯನ್ನು ಕೆಳಗಿಳಿಸಿ. ಪುಟ್ಟ ಮೂಲೆಮಟ್ಟವನ್ನು ವೈಸ್ ಕೂರುವ ಬೆಡ್ ಮೇಲೆ ನಿಲ್ಲಿಸಿ, ಅದರ ಅಲಗನ್ನು ಬ್ಲೇಡಿನ ಮೈಗೆ ತಾಗಿಸಿ. ಹಲ್ಲಿಗೆ ತಾಗಬಾರದು, ಹಲ್ಲು ಎಡಕ್ಕೊಂದು ಬಲಕ್ಕೊಂದು ಬಾಗಿರುತ್ತದೆ, ಲೆಕ್ಕ ತಪ್ಪುತ್ತದೆ. ಎರಡು ಗೈಡ್‌ಗಳ ಹತ್ತಿರವೂ ನೋಡಿ. ಸಂದು ಮೇಲೆ ಕಂಡರೆ ಗೈಡ್ ಬ್ಲಾಕನ್ನು ಒಂದು ಕಡೆ ತಿರುಗಿಸಬೇಕು, ಕೆಳಗೆ ಕಂಡರೆ ಇನ್ನೊಂದು ಕಡೆ. ಒಂದು ಬೇರಿಂಗ್ ಕೂತ ಬುಷ್ ಎಕ್ಸೆಂಟ್ರಿಕ್ ಇರುತ್ತದೆ, ಅಂದರೆ ಅದರ ತೂತು ನಡುವಿಗಿಂತ ಸ್ವಲ್ಪ ಪಕ್ಕಕ್ಕಿರುತ್ತದೆ. ಸ್ಪ್ಯಾನರಿನಲ್ಲಿ ಅದನ್ನು ಒಂಚೂರೊಂಚೂರೇ ತಿರುಗಿಸುತ್ತಾ ಬನ್ನಿ. ಎರಡೂ ಬೇರಿಂಗ್ ಬ್ಲೇಡಿಗೆ ತಾಗಿರಬೇಕು, ಆದರೆ ಬೆರಳಲ್ಲಿ ಒತ್ತಿ ತಿರುಗಿಸಿದರೆ ಜಾರಬೇಕು. ಅಷ್ಟೇ ಬಿಗಿ. ಕೊಯ್ಯುವಾಗಿನ ಒತ್ತಡವನ್ನು ಹಿಂದಿನ ಬೇರಿಂಗ್ ಹೊರಬೇಕು, ಚಕ್ರದ ಅಂಚಲ್ಲ. ಬ್ಲೇಡಿನ ಬೆನ್ನು ಅಂಚಿಗೆ ಉಜ್ಜಿ ಕಿರ್ ಅನ್ನುತ್ತಿದ್ದರೆ ಮೇಲಿನ ಚಕ್ರದ ವಾಲು ಸರಿ ಮಾಡಿ.

ಗೈಡ್ ತೋಳುಗಳನ್ನು ವಸ್ತುವಿನ ಪಕ್ಕಕ್ಕೆ ತನ್ನಿ. 25 ಮಿಮೀ ರಾಡಿಗೆ ಗೈಡ್ ಅಷ್ಟು ದೂರ ಯಾಕೆ?

ಬಿಗಿತ ಅಳೆಯುವ ಗೇಜು ಬೇಕಿಲ್ಲ, ವರ್ನಿಯರ್ ಸಾಕು. ಬ್ಲೇಡ್ ಸುಮ್ನೆ ನೆಟ್ಟಗಾಗುವಷ್ಟು ಬಿಗಿ ಮಾಡಿ. ವರ್ನಿಯರನ್ನು 100 ಮಿಮೀಗೆ ತೆರೆದು, ಎರಡು ದವಡೆಯನ್ನೂ ಪುಟ್ಟ ಕ್ಲ್ಯಾಂಪಿನಲ್ಲಿ ಬ್ಲೇಡಿಗೆ ಕಚ್ಚಿಸಿ. ಸರಿಯುವ ತಿರುಪು ಸಡಿಲ ಇರಲಿ. ಈಗ ಬಿಗಿ ಮಾಡುತ್ತಾ ಹೋಗಿ. ಬ್ಲೇಡ್ ಹಿಗ್ಗಿದಷ್ಟು ವರ್ನಿಯರ್ ತೆರೆಯುತ್ತದೆ. 100ಕ್ಕೆ 0.1 ಮಿಮೀ ಹಿಗ್ಗಿದರೆ ಗೇರ್ ಹಲ್ಲು ಅವರು ಹೇಳಿದ 20 ಕೆಜಿ ಬಂತು ಅಂತ ಅರ್ಥ. ಈ ಸಣ್ಣ ಮಷಿನ್‌ಗಳಲ್ಲಿ 0.08 ಬಂದರೂ ಚೆನ್ನಾಗಿ ಕೊಯ್ಯುತ್ತದೆ. ಬೆರಳಲ್ಲಿ ಮೀಟಿ, ಸದ್ದು ಕೇಳಿ ಹೇಳುತ್ತೇನೆ ಅನ್ನುವವರಿದ್ದಾರೆ. ಇರಲಿ, ನನ್ನ ಕಿವಿ ಅಷ್ಟು ಚುರುಕಿಲ್ಲ.

ಕೆಲಸ ಮುಗಿದ ಮೇಲೆ ಬಿಗಿತ ಇಳಿಸಿ ಹೋಗಿ.

ಹಳೇ ಲೇತ್:
ಮೂಲೆಮಟ್ಟ ಮೇಡಂ, ಇದನ್ನು ಪ್ರಿಂಟ್ ತೆಗೆದು ಗೋಡೆಗೆ ಅಂಟಿಸುತ್ತೇನೆ. ತಲೆಯ ಭಾರದ ಬಗ್ಗೆ ಒಂದು ಸೇರಿಸುತ್ತೇನೆ. ತಲೆಯ ತುದಿಗೆ ಸ್ಪ್ರಿಂಗ್ ತಕ್ಕಡಿ ಸಿಕ್ಕಿಸಿ ಎತ್ತಿ ನೋಡಿ. 5 ಕೆಜಿ ಆಸುಪಾಸು ಇದ್ದರೆ ಸರಿ. ಹೊಸ ಮಷಿನ್ನಿನಲ್ಲಿ ತಲೆಯ ಭಾರ ಹೊರುವ ಸ್ಪ್ರಿಂಗ್ ಹೇಗೋ ಇರುತ್ತದೆ, ಅದನ್ನು ಹೊಂದಿಸದೆ ಪೈಪ್ ಕೊಯ್ದರೆ ಹಲ್ಲು ಉದುರುವುದು ಗ್ಯಾರಂಟಿ.

ಹೊಸ ಕೈ:
ಬ್ಲೇಡಿನ ಮೇಲೆ 10/14, 14, 18, 24 ಅಂತೆಲ್ಲ ಇರುತ್ತಲ್ಲ. ಯಾವುದು ತರಬೇಕು? ಎಲ್ಲಕ್ಕೂ ಒಂದೇ ಸಾಲದಾ?

ಹಳೇ ಲೇತ್:
ಒಂದು ಇಂಚಿಗೆ ಎಷ್ಟು ಹಲ್ಲು ಅನ್ನುವ ಲೆಕ್ಕ ಅದು. ಮೂರು ಹಲ್ಲಾದರೂ ಯಾವಾಗಲೂ ಲೋಹದೊಳಗೆ ಇರಬೇಕು. ಇಲ್ಲವಾದರೆ ಒಂದು ಹಲ್ಲು ಹಾದುಹೋಗಿ ಇನ್ನೊಂದು ಬರುವಷ್ಟರಲ್ಲಿ ಲೋಹದ ಅಂಚು ಸಂದಿಯಲ್ಲಿ ಸಿಕ್ಕಿಕೊಳ್ಳುತ್ತದೆ. ಟಕ್ ಅಂತ ಹಲ್ಲು ಮುರಿಯುತ್ತದೆ. 14 ಹಲ್ಲಿನ ಬ್ಲೇಡಿನಲ್ಲಿ ಹಲ್ಲಿನಿಂದ ಹಲ್ಲಿಗೆ 1.8 ಮಿಮೀ. ಮೂರಕ್ಕೆ 5.4 ಮಿಮೀ. ಅಂದರೆ 6 ಮಿಮೀ ಆಂಗಲ್ಲಿಗೆ ಹೇಳಿ ಮಾಡಿಸಿದ್ದು.

ಹಾಗಂತ ಸಣ್ಣ ಹಲ್ಲೇ ಒಳ್ಳೆಯದು ಅಂತಲ್ಲ. 60 ಮಿಮೀ ರಾಡಿಗೆ ಅದೇ 14ರ ಬ್ಲೇಡ್ ಹಾಕಿದರೆ 33 ಹಲ್ಲು ಒಳಗಿರುತ್ತದೆ. ಚೂರು ಸಂದಿಯಲ್ಲಿ ತುಂಬಿಕೊಳ್ಳುತ್ತದೆ, ಹೊರಗೆ ಬರಲು ಜಾಗವಿಲ್ಲ. ಬ್ಲೇಡ್ ಕೊಯ್ಯುವ ಬದಲು ಉಜ್ಜುತ್ತದೆ. ಆ ದಪ್ಪಕ್ಕೆ 6/10 ಹಾಕಿ. ಹೀಗೆ ಎರಡು ಅಂಕೆ ಇರುವ ಬ್ಲೇಡಿನಲ್ಲಿ ಹಲ್ಲುಗಳ ಅಂತರ ಬೇಕೆಂದೇ ಹೆಚ್ಚುಕಡಿಮೆ ಇಟ್ಟಿರುತ್ತಾರೆ, ನಡುಕ ಕಮ್ಮಿ. ಒಂದೇ ತರುತ್ತೇನೆ ಅಂದರೆ 10/14 ತನ್ನಿ. ಎರಡು ತಂದರೆ ಇನ್ನೊಂದು 6/10.

2 ಮಿಮೀ ಗೋಡೆಯ ಬಾಕ್ಸ್ ಪೈಪಿಗೆ ಮೂರು ಹಲ್ಲಿನ ಲೆಕ್ಕ 24ರ ಬ್ಲೇಡಿನಲ್ಲೂ ಕೂಡುವುದಿಲ್ಲ. ಅಲ್ಲಿ ತಲೆಯನ್ನು ನಿಧಾನವಾಗಿ ಇಳಿಸುವುದೊಂದೇ ದಾರಿ. ಆಂಗಲ್ ಇಡುವಾಗ ಮೂಲೆ ಮೇಲೆ ಬರುವಂತೆ ಕವುಚಿಡಿ. ಆಗ ಎರಡು ಕಾಲುಗಳನ್ನೂ ಬ್ಲೇಡ್ ಓರೆಯಾಗಿ ಕೊಯ್ಯುತ್ತದೆ, ಹಲ್ಲು ಜಾಸ್ತಿ ಒಳಗಿರುತ್ತದೆ. ಒಂದು ಕಾಲು ಮಲಗಿಸಿ ಇನ್ನೊಂದನ್ನು ನಿಲ್ಲಿಸಿದರೆ ಒಮ್ಮೆ 6 ಮಿಮೀ, ಒಮ್ಮೆ 50 ಮಿಮೀ. ಬ್ಲೇಡಿಗೆ ಅದು ಆಗಿಬರುವುದಿಲ್ಲ.

ವೇಗ: ಎಂಎಸ್‌ಗೆ ಬೈಮೆಟಲ್ ಬ್ಲೇಡಿನಲ್ಲಿ 60 ಮೀಟರ್, ಕಾರ್ಬನ್ ಸ್ಟೀಲ್ ಬ್ಲೇಡಿನಲ್ಲಿ 36. ಕಾರ್ಬನ್ ಹಲ್ಲು 200 ಡಿಗ್ರಿ ದಾಟಿದರೆ ಮೆತ್ತಗಾಗತೊಡಗುತ್ತದೆ. ಬೈಮೆಟಲ್ ಅಂದರೆ ಸ್ಪ್ರಿಂಗ್ ಸ್ಟೀಲ್ ಬೆನ್ನಿಗೆ ಹೈಸ್ಪೀಡ್ ಸ್ಟೀಲಿನ ಅಂಚು ಬೆಸೆದದ್ದು. ಅದು 500 ಡಿಗ್ರಿಗೂ ಗಟ್ಟಿ ಇರುತ್ತದೆ. ಸ್ಟೇನ್‌ಲೆಸ್‌ಗೆ ಕೆಳಗಿನ ವೇಗ, ಆದರೆ ಒತ್ತಡ ಬಿಡಬಾರದು. ಬ್ಲೇಡ್ ಮೇಲೆ ಮೇಲೆ ಉಜ್ಜಿದರೆ ಆ ಜಾಗ ಗಟ್ಟಿಯಾಗಿ ಆಮೇಲೆ ಹಲ್ಲೇ ಹತ್ತುವುದಿಲ್ಲ. ಬೀಡು ಕಬ್ಬಿಣವನ್ನು ಎಣ್ಣೆ, ನೀರು ಹಾಕದೆ ಒಣದಾಗಿಯೇ ಕೊಯ್ಯಿರಿ. ಅಲ್ಯೂಮಿನಿಯಂ ಹಲ್ಲಿಗೆ ಅಂಟಿಕೊಳ್ಳದಂತೆ ಬ್ಲೇಡಿಗೆ ಮೇಣ ತಾಗಿಸಿ.

ಸರಿಯಾಗಿ ಕೊಯ್ಯುತ್ತಿದೆಯಾ ಅಂತ ಚೂರು ನೋಡಿ ತಿಳಿಯಬಹುದು. ಬೆಳ್ಳಗೆ, ಸಣ್ಣ ಸುರುಳಿ ಬಂದರೆ ಸರಿ. ಹಿಟ್ಟಿನ ಹಾಗೆ ಪುಡಿ ಬಂದರೆ ಒತ್ತಡ ಸಾಲದು. ನೀಲಿ ತಿರುಗಿದ ದಪ್ಪ ಚೂರು ಬಂದರೆ ಒತ್ತಡ ಅಥವಾ ವೇಗ ಇಳಿಸಿ. ಹೊಸ ಬ್ಲೇಡಿಗೆ ಮೊದಲ ಕೆಲವು ಕೊಯ್ಲು ಅರ್ಧ ಒತ್ತಡ ಮಾತ್ರ.

ಎಣ್ಣೆಡಬ್ಬಿ:
ಯಾರೂ ಪವರ್ ಹ್ಯಾಕ್ಸಾ ಹೆಸರೇ ಎತ್ತಲ್ಲ ನೋಡಿ! ಕಟ್ಟುವ ಆಸೆ ಇದ್ದರೆ ಅದನ್ನು ಕಟ್ಟಿ ಮಾರಾಯ್ರೆ. ಒಂದು ಕ್ರ್ಯಾಂಕ್, ಒಂದು ಜಾರುವ ಚೌಕಟ್ಟು, ಒಂದು ವೈಸ್. 280 ಕೆಜಿ ಎಳೆತವೂ ಇಲ್ಲ, ಚಕ್ರ ಟ್ರ್ಯಾಕ್ ಮಾಡುವ ಗೋಜೂ ಇಲ್ಲ. ಒಂದೇ ಕಡೆ ಎಳೆದಾಗ ಮಾತ್ರ ಕೊಯ್ಯುತ್ತದೆ, ನಿಧಾನ. ಆಗಲಿ, ಅವಸರ ಯಾರಿಗಿದೆ?

ಗೇರ್ ಹಲ್ಲು:
ಎಣ್ಣೆಡಬ್ಬಿ ಅಣ್ಣನ ಮಾತು ತಳ್ಳಿಹಾಕುವಂಥದ್ದಲ್ಲ. ಬರೀ ಗಟ್ಟಿ ರಾಡು ಕೊಯ್ಯುವವರಿಗೆ ಅದೇ ಸರಿ. ತೆಳು ಪೈಪು ಮತ್ತು ಪ್ಲೇಟು ಬಂದಾಗ ಅದು ಸೋಲುತ್ತದೆ. ಸಣ್ಣಶೆಡ್ ಅವರಿಗೆ ಎರಡೂ ಬೇಕಲ್ಲ.

ವೆಲ್ಡಿಂಗ್ ಕಿಡಿ:
ಬ್ಲೇಡ್ ಮಧ್ಯೆ ತುಂಡಾದರೆ ಎಸೆಯಬೇಡಿ. ಹಲ್ಲು ಚೆನ್ನಾಗಿದ್ದರೆ ಬೆಳ್ಳಿ ಬೆಸುಗೆ ಹಾಕಿ ಕೂಡಿಸಬಹುದು. ತುದಿಗಳನ್ನು ಓರೆಯಾಗಿ ಉಜ್ಜಿ ಒಂದರ ಮೇಲೊಂದು ಕೂರಿಸಬೇಕು. ಓರೆಯ ಉದ್ದ ಬ್ಲೇಡಿನ ದಪ್ಪದ ಮೂರು ಪಟ್ಟು ಇದ್ದರೆ ಸಾಕು. ಎರಡು ಓರೆಯೂ ಒಂದೇ ಕೋನ ಬರಬೇಕಾದರೆ ಒಂದು ತುದಿಯನ್ನು ಮಗುಚಿ, ಎರಡನ್ನೂ ಜೋಡಿಸಿ ಹಿಡಿದು ಒಟ್ಟಿಗೆ ಉಜ್ಜಿ. ಕೈ ಸ್ವಲ್ಪ ವಾಲಿದ್ದರೂ ಮತ್ತೆ ಮಗುಚಿದಾಗ ಎರಡೂ ಕೂಡಿಕೊಳ್ಳುತ್ತವೆ. ಹಲ್ಲಿನ ಅಂತರ ಕೆಡದಂತೆ ಎಲ್ಲಿ ಕತ್ತರಿಸಬೇಕು ಅಂತ ಮೊದಲೇ ಗುರುತು ಮಾಡಿ. ಬೆನ್ನು ಒಂದೇ ಗೆರೆಯಲ್ಲಿರುವಂತೆ ಆಂಗಲ್ ತುಂಡಿಗೆ ಒತ್ತಿ ಕ್ಲ್ಯಾಂಪ್ ಮಾಡಿ. ಫ್ಲಕ್ಸ್ ಹಚ್ಚಿ, ಬೆಳ್ಳಿ ಕರಗಿ ಹರಿದ ತಕ್ಷಣ ಜ್ವಾಲೆ ತೆಗೆಯಿರಿ. ನೀರಿಗೆ ಅದ್ದಬೇಡಿ, ಗಾಜಿನ ಹಾಗೆ ಪೆಡಸಾಗುತ್ತದೆ. ತಾನಾಗಿ ಆರಲಿ.

ಒಂದು ಮಜಾ ವಿಷಯ. ಬ್ಯಾಂಡ್‌ಸಾಗೆ ಇಂಗ್ಲೆಂಡಿನ ವಿಲಿಯಂ ನ್ಯೂಬೆರಿ 1808ರಲ್ಲೇ ಪೇಟೆಂಟ್ ಪಡೆದಿದ್ದ. ಆದರೆ ಆ ಕಾಲದ ಬ್ಲೇಡ್ ಬೆಸುಗೆಯ ಜಾಗದಲ್ಲಿ ಬಾಳುತ್ತಿರಲಿಲ್ಲ. ಫ್ರಾನ್ಸಿನ ಆನ್ ಪೋಲಿನ್ ಕ್ರೆಪಿನ್ ಎಂಬಾಕೆ 1846ರಲ್ಲಿ ಬ್ಲೇಡ್ ಬೆಸೆಯುವ ಒಳ್ಳೆಯ ವಿಧಾನಕ್ಕೆ ಪೇಟೆಂಟ್ ಪಡೆದ ಮೇಲೇ ಈ ಮಷಿನ್ ನಿಜವಾಗಿ ಓಡಲು ಶುರುವಾದದ್ದು.

ಸಣ್ಣಶೆಡ್:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಗೇರ್ ಹಲ್ಲು ಸರ್ ಲೆಕ್ಕ ನೋಡಿದ ಮೇಲೆ ಪೂರ್ತಿ ಕಟ್ಟುವ ಆಸೆ ಬಿಟ್ಟೆ. ನನ್ನ ಹತ್ತಿರ ಗೇರ್‌ಬಾಕ್ಸೂ ಇಲ್ಲ, ಸರಿಯಾದ ಚಕ್ರವೂ ಇಲ್ಲ. ಅವೆರಡು ಕೊಂಡರೆ ಅರ್ಧ ಮಷಿನ್ ಕೊಂಡ ಹಾಗೇ. ಹಳೆಯ 4×6 ಒಂದು ಮಾರಾಟಕ್ಕಿದೆ. ಏನು ನೋಡಿ ತರಬೇಕು? ಸ್ಪ್ರಿಂಗ್ ತೆಗೆದು ಹೈಡ್ರಾಲಿಕ್ ಡ್ಯಾಂಪರ್ (ಎಣ್ಣೆಯ ತಡೆಯಿಂದ ತಲೆಯನ್ನು ನಿಧಾನ ಇಳಿಸುವ ಸಾಧನ) ನಾನೇ ಮಾಡಬಹುದಾ?

ಮೂಲೆಮಟ್ಟ:
ಬೆಲ್ಟ್ ತೆಗೆದು ಗೇರ್‌ಬಾಕ್ಸ್ ಪುಲ್ಲಿಯನ್ನು ಕೈಯಲ್ಲಿ ಹಿಂದೆ ಮುಂದೆ ಆಡಿಸಿ. ಚಕ್ರ ಅಲುಗುವ ಮೊದಲು ಪುಲ್ಲಿ ಜಾಸ್ತಿ ತಿರುಗಿದರೆ ಒಳಗಿನ ಕಂಚಿನ ಗೇರ್ ಸವೆದಿದೆ. ಎಣ್ಣೆಯಲ್ಲಿ ಚಿನ್ನದ ಬಣ್ಣದ ಪುಡಿ ಹೊಳೆಯುತ್ತಿದ್ದರೂ ಅದೇ. ತಲೆ ಮಡಚುವ ಕೀಲನ್ನು ಅಡ್ಡಕ್ಕೆ ಅಲುಗಿಸಿ ನೋಡಿ. ಅಲ್ಲಿ ಸಡಿಲ ಇದ್ದರೆ ಬುಷ್ ಹಾಕಿಸಬೇಕು, ನಿಮ್ಮ ಲೇತಿನಲ್ಲೇ ಆಗುತ್ತದೆ. ಚಕ್ರದ ಅಂಚು ಸವೆದು ಚೂಪಾಗಿದ್ದರೆ ಬೇಡ. ಗೈಡ್ ಬೇರಿಂಗ್ ಕರಕರ ಅಂದರೆ ಚಿಂತೆ ಬೇಡ, ಬದಲಿಸಿದರಾಯ್ತು.

ಗೇರ್ ಹಲ್ಲು:
ಡ್ಯಾಂಪರ್ ಖಂಡಿತ ಮಾಡಬಹುದು, ಆದರೆ ಸ್ಪ್ರಿಂಗ್ ತೆಗೆಯಬೇಡಿ. ಭಾರ ಹೊರುವುದು ಸ್ಪ್ರಿಂಗ್, ಇಳಿಯುವ ವೇಗ ಹಿಡಿಯುವುದು ಡ್ಯಾಂಪರ್. ಬರೀ ಸ್ಪ್ರಿಂಗ್ ಇದ್ದರೆ ಬಾಕ್ಸ್ ಪೈಪಿನ ಮೇಲಿನ ಗೋಡೆ ತುಂಡಾದ ಕೂಡಲೇ ತಲೆ ಧಡಕ್ಕನೆ ಪಕ್ಕದ ಎರಡು ತೆಳು ಗೋಡೆಗಳ ಮೇಲೆ ಬೀಳುತ್ತದೆ.

ಹಳೆಯ ಗಾಳಿ ಸಿಲಿಂಡರ್ (ಗಾಳಿಯ ಒತ್ತಡದಲ್ಲಿ ಪಿಸ್ಟನ್ ಓಡುವ ನ್ಯೂಮ್ಯಾಟಿಕ್ ಸಿಲಿಂಡರ್, ಗಾಳಿ ತುಂಬುವ ಟ್ಯಾಂಕ್ ಅಲ್ಲ) ಒಂದು ಸಾಕು. ಎರಡೂ ತುದಿಯ ರಂಧ್ರಕ್ಕೆ ಕೊಳವೆ ಕೊಟ್ಟು ಮಧ್ಯೆ ನೀಡಲ್ ವಾಲ್ವ್ (ಹರಿವನ್ನು ಸಣ್ಣಸಣ್ಣದಾಗಿ ಹೊಂದಿಸುವ ವಾಲ್ವ್) ಹಾಕಿ, ತೆಳು ಹೈಡ್ರಾಲಿಕ್ ಆಯಿಲ್ ತುಂಬಿ. ಪಿಸ್ಟನ್ ರಾಡು ಒಂದೇ ಕಡೆ ಇರುವುದರಿಂದ ಎರಡು ಕೋಣೆಗಳ ಎಣ್ಣೆ ಸಮ ಇರುವುದಿಲ್ಲ. ಹೆಚ್ಚುವರಿ ಎಣ್ಣೆಗೆ ಒಂದು ಪುಟ್ಟ ಡಬ್ಬಿ ರಾಡಿನ ಕಡೆಯ ಕೊಳವೆಗೆ ಸೇರಿಸಿ. ತಲೆ ಇಳಿದಾಗ ರಾಡು ಒಳಗೆ ಹೋಗುವಂತೆ ಸಿಲಿಂಡರ್ ಕೂರಿಸಿದರೆ ಒತ್ತಡ ಬೀಳುವುದು ಇನ್ನೊಂದು ಕಡೆ, ಡಬ್ಬಿ ಇರುವ ಕಡೆ ಸುಮ್ಮನಿರುತ್ತದೆ. ನೀಡಲ್ ವಾಲ್ವಿನ ಪಕ್ಕದಲ್ಲಿ ಒಂದು ಚೆಕ್ ವಾಲ್ವ್ (ಒಂದೇ ಕಡೆಗೆ ಹರಿಯಬಿಡುವ ವಾಲ್ವ್) ಇದ್ದರೆ ತಲೆ ಎತ್ತುವಾಗ ಸಲೀಸು. ಗಾಳಿಯ ಗುಳ್ಳೆ ಒಂದೂ ಉಳಿಯಬಾರದು, ಉಳಿದರೆ ತಲೆ ಜಗ್ಗಿ ಜಗ್ಗಿ ಇಳಿಯುತ್ತದೆ.

ಹಳೇ ಲೇತ್:
ಇಟ್ಟು ಆಚೆ ತಿರುಗುತ್ತೇನೆ ಅಂದಿರಲ್ಲ, ಹಾಗಾದರೆ ಕೊಯ್ಲು ಮುಗಿದಾಗ ತಲೆಯೇ ಸ್ವಿಚ್ ಆಫ್ ಮಾಡುವ ಪಟ್ಟಿ ಸರಿಯಾಗಿ ತಾಗುತ್ತದಾ ನೋಡಿ. ಹಳೆಯದರಲ್ಲಿ ಅದು ಬಗ್ಗಿರುತ್ತದೆ. ಕರೆಂಟ್ ಹೋಗಿ ಬಂದಾಗ ತಾನಾಗಿ ಶುರುವಾಗದ ಸ್ವಿಚ್ ಹಾಕಿಸಿ. ಬ್ಲೇಡ್ ಓಡುವಾಗ ಕೈಗವಸು ಬೇಡ, ಎಳೆದುಕೊಳ್ಳುತ್ತದೆ. ಸುರುಳಿ ಬ್ಲೇಡ್ ಬಿಚ್ಚುವಾಗ ಮಾತ್ರ ಗವಸು, ಕನ್ನಡಕ ಎರಡೂ ಇರಲಿ. ತುಂಡು ವಸ್ತು ಹಿಡಿಯುವಾಗ ವೈಸಿನ ಇನ್ನೊಂದು ತುದಿಗೆ ಅಷ್ಟೇ ದಪ್ಪದ ಚೂರು ಕೊಡಿ. ಇಲ್ಲಾಂದ್ರೆ ದವಡೆ ಓರೆಯಾಗಿ ತುಂಡು ತಿರುಗುತ್ತದೆ, ಬ್ಲೇಡ್ ಹಾಳು.